ಭೀಮನ ಟವೆಲು

ಮೂಗನ್ನು ನೆಲಕ್ಕೆ ಹಚ್ಚಿ ನನ್ನನ್ನು ದರದರ ಎಳೆದುಕೊಂಡು ಹೋದ ಭೀಮ ನಿಂತದ್ದು, ಆಗಿನ್ನೂ ಸರ್ಕಾರಿ ಸಂಸ್ಥೆಗಳ ಕಾಂಪೌಂಡು ಗೋಡೆ ಎದ್ದಿರದ ಕುದಾಪುರದ ಹುಲ್ಲುಗಾವಲಿನಲ್ಲಿ ಒಂಟಿಯಾಗಿ ನಡುಗುತ್ತಿದ್ದ ಕುರಿಮರಿಯೊಂದರ ಮುಂದೆ. ಆಗತಾನೇ ಹುಟ್ಟಿದ ಮರಿ, ಮೈಯೆಲ್ಲ ಒದ್ದೆ. ಭೀಮ ನಾನು ಸಾಕಿದ್ದ ಬ್ಲಡ್‌ಹೌಂಡ್ ನಾಯಿ. ಕರುವಿನಂಥ ಮೈ, ಜೋಲುಗಿವಿ, ಸದಾ ಸುರಿಯುವ ಜೊಲ್ಲು. ಆ ಜೊಲ್ಲು ಒರೆಸಲೆಂದೇ ನನ್ನ ಹೆಗಲ ಮೇಲೆ ಯಾವಾಗಲೂ ಒಂದು ಟವೆಲು ಇರುತ್ತಿತ್ತು. ಪಾಪವೆನಿಸಿ ಅದರಿಂದಲೇ ಮರಿಯನ್ನು ಒರೆಸಿದೆ.

ಅಷ್ಟರಲ್ಲಿ ತಾಯಿಕುರಿಯನ್ನು ಹಿಡಿದುಕೊಂಡು ಮರಿ ಹುಡುಕುತ್ತ ಬಂದ ಕುರಿ ಕಾಯುವ ಅಜ್ಜ ಹಣೆ ಚಚ್ಚಿಕೊಂಡರು.

"ಎಂಥಾ ಕೆಲ್ಸ ಮಾಡಿದ್ರಿ ಸಾರ್! ನಾಯಿ ವಾಸ್ನಿ ಐತೆ ಅಂದ್ರೆ ತಾಯಿ ಹತ್ರಕ್ಕೇ ಬಿಟ್ಕಳಲ್ಲ."

ಹಾಗೇ ಆಯಿತು. ಕುರಿ ಮೂಸಿದ್ದೇ ಮರಿಯನ್ನು ಗುದ್ದಿ ಕೆಡವಿತು. ಅಜ್ಜ ಕುರಿಯ ಹಾಲನ್ನೇ ಅಂಗೈಗೆ ಹಿಂಡಿಕೊಂಡು ಮರಿಯ ತಲೆ, ಬೆನ್ನು, ಬಾಲಕ್ಕೆಲ್ಲ ಸವರಿದರು. ಕುರಿ ಮತ್ತೆ ಮೂಸಿತು, ತುಂಬಾ ಹೊತ್ತು. ಮರಿ ಹೊಟ್ಟೆಯಡಿ ನುಗ್ಗಿದರೂ ಈ ಸಲ ಗುದ್ದಲಿಲ್ಲ.

"ಹುಡುಕಿದ್ದು ನಿಮ್ ನಾಯಿ, ಕೆಡಿಸಿದ್ದು ನೀವು ನೋಡ್ರಿ," ಎಂದು ಅಜ್ಜ ನಕ್ಕರು.

ಭೀಮ ಈಗಿಲ್ಲ. ಅವನ ಕೊನೆಯ ಟವೆಲನ್ನು ಒಗೆಯಲು ಹೆಂಡತಿ ಎಷ್ಟು ಸಲ ಕೇಳಿದರೂ ನಾನು ಕೊಟ್ಟಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ, ಆ ಕುರಿಯ ಹಾಗೆ, ತುಂಬಾ ಹೊತ್ತು ಮೂಸುತ್ತೇನೆ.