ಕೊಯ್ಯದೆ ನೋಡಬೇಕೆಂದ ಶಾಲಿನಿ

ಕಲ್ಲಂಗಡಿ ಮಾರುವವನು ಚಾಕು ಎತ್ತಿದರೆ ಸಾಕು, ಶಾಲಿನಿ ಅವನ ಕೈ ಹಿಡಿದುಬಿಡುತ್ತಿದ್ದಳು. ವಡೋದರಾದ ಗಾಡಿಯವರಿಗೆ ಒಂದು ತುಂಡು ಕೊಯ್ದು ಕೆಂಪು ತೋರಿಸುವುದೇ ಗ್ಯಾರಂಟಿ. ಇವಳು, "ಕಾಪ್‌ಶೋ ನಹೀಂ, ಭಾಯ್!" ಎಂದು ಕೊಯ್ಯಗೊಡದೆ, ಹಣ್ಣಿಗೆ ಕಿವಿಯಿಟ್ಟು ತಟ್ಟುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ತಿನ್ನೋದು ನೀವು ಆಂಟಿ. ಆರಿಸೋದಾದ್ರೂ ನನಗೆ ಬಿಡಿ."

ಉಡುಪಿ ಕಡೆಯ ಹುಡುಗಿ, ನಮ್ಮ ಮೇಲಿನ ರೂಮಿನ ಪೇಯಿಂಗ್ ಗೆಸ್ಟ್. ಹನ್ನೊಂದನೇ ವಯಸ್ಸಿನಿಂದ ಡಯಾಬಿಟಿಸ್. ಲ್ಯಾಬಿನಲ್ಲಿ ರಿಸರ್ಚೂ ಅದರದ್ದೇ. ಇನ್ಸುಲಿನ್ ತಯಾರಿಸುವ ಜೀವಕೋಶಗಳು ಎಷ್ಟು ಉಳಿದಿವೆಯೆಂದು ತಿಳಿಯಲು ಇಲಿಯನ್ನು ಕೊಂದು ಪ್ಯಾಂಕ್ರಿಯಾಸ್ ಕೊಯ್ಯಬೇಕಿತ್ತು. ಕೊಯ್ಯದೆ, ಹೊಳೆಯುವ ಗುರುತೊಂದನ್ನು ರಕ್ತಕ್ಕೆ ಬಿಟ್ಟು, ಹೊರಗಿನಿಂದಲೇ ಕ್ಯಾಮರಾದಲ್ಲಿ ನೋಡುವ ದಾರಿಯನ್ನು ಅವಳು ಹುಡುಕುತ್ತಿದ್ದಳು. ಒಮ್ಮೆ ಬೆಳಕು ಕಂಡಿತೆಂದು ಓಡಿಬಂದು ನನ್ನನ್ನು ತಬ್ಬಿ ಗಿರಗಿರ ತಿರುಗಿಸಿದಳು. ಮರುದಿನ ಸಪ್ಪೆ ಮುಖ. "ಅದು ಲಿವರ್ ಅಂತೆ ಆಂಟಿ. ಗುರುತೆಲ್ಲ ಅಲ್ಲಿ ಹೋಗಿ ಕೂತಿತ್ತು, ಕರೆಯದ ನೆಂಟರ ಹಾಗೆ."

"ಇಲಿಗೋಸ್ಕರ ಇಷ್ಟು ವರಿ ಮಾಡ್ತೀಯಲ್ಲ ಮಾರಾಯ್ತಿ!"

"ಇಲಿಗೆ ಮಾತ್ರ ಅಲ್ಲ. ನನ್ನೊಳಗೂ ನಾಲ್ಕು ಜೀವಕೋಶ ಉಳಿದಿರಬಹುದು. ಸತ್ತ ಮೇಲೆ ಎಣಿಸಿ ಎಂತ ಮಾಡ್ಲಿಕ್ಕುಂಟು?"

ಅವಳ ಇನ್ಸುಲಿನ್ ಇರುತ್ತಿದ್ದುದು ನನ್ನ ಫ್ರಿಜ್ಜಿನಲ್ಲಿ. ಆ ಮೇ ತಿಂಗಳು ಕರೆಂಟ್ ಪದೇ ಪದೇ ಹೋಗುತ್ತಿತ್ತು. ಎರಡು ದಿನ ಸೂರತ್‌ಗೆ, ಮಗಳ ಮನೆಗೆ ಹೊರಟಾಗ, ತಣ್ಣಗಿರಲಿ ಎಂದು ಹೊಸ ಬಾಟಲಿಗಳನ್ನು ಫ್ರೀಜರಿನಲ್ಲಿಟ್ಟೆ. ಬಂದ ಮೇಲೆ ಕೆಳಗಿಳಿಸಿದೆ. ಕರಗಿ ನೀರಿನಂತೆ ತಿಳಿಯಾದವು. ಅವಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ವಾರದ ನಂತರ ಅವಳು ಹೊಸ ಬಾಟಲಿ ತೆರೆದಳು. ಎರಡನೆಯ ದಿನ ವಾಂತಿ, ಏದುಸಿರು. ಬಿಸಿಲು ತಾಗಿರಬೇಕು ಎಂದುಕೊಂಡೆವು. ಕೊನೆಗೆ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನನ್ನ ಭುಜಕ್ಕೊರಗಿ ಕೇಳಿದಳು, "ಇಂಜೆಕ್ಷನ್ ಒಂದೂ ತಪ್ಪಿಸ್ಲಿಲ್ಲ ಆಂಟಿ. ಫ್ರಿಜ್ ಸರಿ ಉಂಟಲ್ವಾ?"

"ಪರ್ಫೆಕ್ಟ್ ಉಂಟು ಮಗಾ."

ಇನ್ಸುಲಿನ್ ಎಲ್ಲಾದರೂ ಹೆಪ್ಪುಗಟ್ಟಿತ್ತೇ ಎಂದು ಡಾಕ್ಟರ್ ಕೇಳಿದಾಗ ನನಗೆ ಫ್ರೀಜರ್ ನೆನಪಾಯಿತು. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸ ಮಾಡುವುದಿಲ್ಲವಂತೆ. ಹೌದು ಎಂದೆ. ಅಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ. ಮತ್ತೆ ಬರಲೂ ಇಲ್ಲ.

ಊರಿನಿಂದ ನಮ್ಮ ಮನೆಗೆ ಬಂದ ಅವಳ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವಿದ್ದೀರಿ ಅಂತ ನಾವು ಧೈರ್ಯದಲ್ಲಿದ್ದೆವು, ಅಕ್ಕ."

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಮೊಟ್ಟಮೊದಲು ಕಲಿಸಿದ್ದು ನಿಜ ಹೇಳುವುದನ್ನು. ನಾನು ಕಾಫಿ ಮಾಡುತ್ತೇನೆಂದು ಒಳಗೆದ್ದು ಹೋದೆ. ಹಾಲಿಗೆಂದು ಫ್ರಿಜ್ ತೆರೆದರೆ ಉಳಿದ ಇನ್ಸುಲಿನ್ ಬಾಟಲಿ ಅಲ್ಲೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ತಿಳಿಯಾಗಿತ್ತು.