ಖಾಲಿ ಹಾಳೆಗೆ ಕೊಟ್ಟ ಸೊನ್ನೆ

ಗೆಳೆಯರೇ, ಆ ಸೊನ್ನೆ ಕೊಟ್ಟ ಟೀಚರ್ ನಾನೇ ಎಂಬುದನ್ನು ಬಿಟ್ಟು ಬರೆಯೋಣವೆಂದಿದ್ದೆ.

ಪರಿಸರ ಪಾಠಕ್ಕೆಂದು, ವಾರವಿಡೀ ಮನೆಯಲ್ಲಿ ಎಸೆದ ಕಸದ ಪಟ್ಟಿ ಬರೆದು ತರಲು ಐದನೇ ತರಗತಿಗೆ ಹೇಳಿದ್ದೆ. ಭಾವಿಕೇರಿಯ ನಾಗವೇಣಿ ಖಾಲಿ ಹಾಳೆ ಕೊಟ್ಟಳು. ಏಕೆಂದು ಕೇಳದೆ ಹತ್ತಕ್ಕೆ ಸೊನ್ನೆ ಹಾಕಿದೆ. ಎರಡು ದಿನ ಅವಳು ಶಾಲೆಗೇ ಬರಲಿಲ್ಲ. ಇಂದು ತಾಯಿ ಕರೆತಂದು ಕೇಳಿದರು.

“ಎಸ್ದಿದ್ದೇ ಇಲ್ಲ ಅಕ್ಕೋರೆ, ಎಂತಾ ಬರಿಯೂದು? ಸಿಪ್ಪೆ ದನ ತಿಂತದೆ, ಮೀನ್ ತೊಳ್ದ ನೀರು ತೆಂಗಿನ ಬುಡಕ್ಕೆ.”

“ಎಣ್ಣೆ ಪ್ಯಾಕೆಟ್ಟು?”

“ಅದ್ರಲ್ಲಿ ಅಬ್ಬಲಿಗೆ ಹೂವಿನ ಸಸಿ ಅದೆ. ನಿಮ್ಗೂ ಒಂದು ಬೇಕಾ?”

ನಾಗವೇಣಿ ನಕ್ಕು ತನ್ನ ಜಾಗದಲ್ಲಿ ಕುಳಿತಳು. ಸೊನ್ನೆಯನ್ನು ನಾನೂ ಎಸೆಯಲಿಲ್ಲ. ಅದರ ಎಡಕ್ಕೆ ಒಂದು ಬರೆದೆ, ಹತ್ತಾಯಿತು.

ನಾಳೆಗಿಟ್ಟರೆ ಈ ಪೋಸ್ಟಿನ ಮೊದಲ ಸಾಲನ್ನು ಎಸೆದೇನು. ಅದಕ್ಕೇ ಇಂದೇ ಹಾಕುತ್ತಿದ್ದೇನೆ.