ನಿಧಾನಕ್ಕನ ಹತ್ತು ಹಾಡು

ಅವಳನ್ನು ಎಲ್ಲರೂ ನಿಧಾನಕ್ಕ ಅಂತಲೇ ಕರೆಯುತ್ತಿದ್ದರು. ಹಗಲು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಜಾ ಹೊಲಿಯುವುದು, ಸಂಜೆ ಹೋಟೆಲಿನ ಊಟದ ಹಾಲ್‌ನಲ್ಲಿ ಜಾಝ್ ಹಾಡುವುದು. ಇಪ್ಪತ್ತೆರಡು ವರ್ಷ ಹೀಗೇ ಕಳೆದಳು. ಹೊಲಿಗೆಯಲ್ಲಿ ಕೈ ಬಲು ಚುರುಕು. ಹೆಸರು ಅಂಟಿಕೊಂಡಿದ್ದು ಹಾಡಿನಿಂದ.

ನೂರಾರು ಜನ ಹಾಡಿ ಸವೆಸಿದ ಹಳೇ ಹಾಡುಗಳೇ ಅವಳವೂ. ಆದರೆ ಬೇರೆಯವರು ಡ್ರಮ್ಮಿನ ಪೆಟ್ಟು ಬಿದ್ದಾಗಲೇ ಹಾಡಿನ ಮಾತು ಎತ್ತಿಕೊಂಡರೆ, ಇವಳು ಪೆಟ್ಟನ್ನು ಮುಂದೆ ಹೋಗಲು ಬಿಟ್ಟು ಹಿಂದಿನಿಂದ ಬರುವಳು. ಎಷ್ಟು ಹಿಂದೆ? ಕೇಳುವವರ ಕೈತುತ್ತು ಬಾಯಿ ಹತ್ತಿರ ನಿಲ್ಲುವಷ್ಟು. ಅಯ್ಯೋ, ಮರೆತೇ ಬಿಟ್ಟಳೇನೋ ಅನ್ನುವಷ್ಟರಲ್ಲಿ ಮಾತು ಬರುತ್ತಿತ್ತು. ಸಾಲು ಮುಗಿಯುವ ಹೊತ್ತಿಗೆ ಎಲ್ಲರ ಜೊತೆ ಸೇರಿಕೊಂಡಿರುತ್ತಿತ್ತು. "ನಿನ್ನ ಕಾಯೋದ್ರಲ್ಲೇ ನನ್ನ ತಲೆ ನೆರೀತು ಕಣಮ್ಮ" ಅನ್ನುತ್ತಿದ್ದ ಪಿಯಾನೋ ನುಡಿಸುವ ಮುದುಕ. ಹಾಗಂದರೂ ಬೇರೆ ಯಾರಿಗೂ ನುಡಿಸಿದವನಲ್ಲ.

ಆ ಗಂಟಲಲ್ಲೇ ಗಡ್ಡೆ ಸಿಕ್ಕಿತು. ಡಾಕ್ಟರು ಸುತ್ತಿ ಬಳಸಲಿಲ್ಲ. "ಜೀವ ಉಳಿಯತ್ತೆ, ದನಿ ಉಳಿಯಲ್ಲ" ಅಂದರು. ಆಪರೇಷನ್ನಿಗೆ ಎರಡು ವಾರವಿತ್ತು. ಇಷ್ಟು ವರ್ಷದಲ್ಲಿ ಅವಳ ಒಂದು ಹಾಡನ್ನೂ ಯಾರೂ ರೆಕಾರ್ಡ್ ಮಾಡಿರಲಿಲ್ಲ. ತಾನು ಹಾಡಿದ್ದೇ ಸುಳ್ಳಾಗಿ ಹೋಗುತ್ತದಲ್ಲ ಅನ್ನುವ ಭಯ ಅವಳಿಗೆ ಸಾವಿನ ಭಯಕ್ಕಿಂತ ದೊಡ್ಡದಾಯಿತು.

ಒಬ್ಬನೇ ತಮ್ಮ. ಜಾಹೀರಾತಿಗೆ ದನಿ ಕೂರಿಸುವ ಸಣ್ಣ ಸ್ಟುಡಿಯೋ ಅವನದು. ತೊದಲು, ಕೆಮ್ಮು, ಉಸಿರು ಎಲ್ಲ ಕತ್ತರಿಸಿ ಮಾತನ್ನು ನೆಟ್ಟಗೆ ಮಾಡುವುದರಲ್ಲಿ ಎತ್ತಿದ ಕೈ. ಅಕ್ಕ ಅಂದರೆ ಪ್ರಾಣ. ಅಲ್ಲಿ ಗಾಜಿನ ಗೂಡಿನೊಳಗೆ ಒಬ್ಬಳೇ ನಿಂತು, ಮೊದಲೇ ತುಂಬಿಸಿಟ್ಟ ಡ್ರಮ್ಮಿನ ತಾಳ ಕಿವಿಗೆ ಹಾಕಿಕೊಂಡು, ಮೂರು ಮಧ್ಯಾಹ್ನ ಹತ್ತು ಹಾಡು ಹಾಡಿದಳು. ಕೊನೆಯದಕ್ಕೆ ಕೆಮ್ಮು ಒತ್ತರಿಸಿ ಬಂತು. ಕೈಯೆತ್ತಿ, "ತಡಿಯಪ್ಪಾ, ಬರ್ತೀನಿ" ಅಂದು, ಸುಧಾರಿಸಿಕೊಂಡು ಹಾಡಿದಳು.

ಅವಳು ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ತಮ್ಮ ಸುಮ್ಮನೆ ಕೂರಲಿಲ್ಲ. ಕೂತಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಹೋಟೆಲಿಗೆ ಹೋಗಿ ಅಕ್ಕನ ಹಾಡು ಒಂದು ದಿನವೂ ಕೇಳಿದವನಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಗಂಟೆಗಟ್ಟಲೆ ಕೂರುತ್ತಿದ್ದಳಲ್ಲ, ಅದಕ್ಕೇ ನಿಧಾನಕ್ಕ ಅಂತಾರೆ ಅಂತ ನಂಬಿದ್ದ. ಪಾಪ, ನೋವಿಗೆ ತಾಳ ತಪ್ಪಿದ್ದಾಳೆ, ಜನ ನಗಬಾರದು ಅಂತ ಒಂದೊಂದೇ ಮಾತನ್ನು ಕಂಪ್ಯೂಟರಿನಲ್ಲಿ ಎಳೆದು ಪೆಟ್ಟಿನ ಮೇಲೆ ಕೂರಿಸಿದ. ಕೆಲಸ ಮುಗಿದ ಮೇಲೆ ಮೂಲವನ್ನು ಅಳಿಸಿಬಿಡುವುದು ಅವನ ಸ್ಟುಡಿಯೋದ ರೂಢಿ. ಅಳಿಸಿಬಿಟ್ಟ.

ಮನೆಗೆ ಬಂದವಳ ಗಂಟಲಲ್ಲಿ ನಳಿಗೆ, ಮಡಿಲಲ್ಲಿ ಸ್ಲೇಟು. ಮುದುಕನೂ ಬಂದಿದ್ದ. ತಮ್ಮ ಹೆಮ್ಮೆಯಿಂದ ಹಾಡು ಹಾಕಿದ. ಪೆಟ್ಟು ಬಿತ್ತು, ಅದರ ಜೊತೆಗೇ ಮಾತೂ ಬಿತ್ತು. ಎರಡನೇ ಸಾಲೂ ಹಾಗೇ, ಎರಡನೇ ಹಾಡೂ ಹಾಗೇ. ಮುದುಕ ಕನ್ನಡಕ ತೆಗೆದು ನೆಲ ನೋಡಿದ. ಅವಳು ಸ್ಲೇಟಿನ ಮೇಲೆ, "ಯಾರು ಹಾಡಿದ್ದು?" ಅಂತ ಬರೆದಳು.

"ನೀನೇ ಅಕ್ಕಾ. ಸ್ವಲ್ಪ ಸರಿಮಾಡಿದೆ ಅಷ್ಟೆ."

"ಮೊದಲಿನದು ಕೊಡು" ಅಂತ ಒರೆಸಿ ಬರೆದಳು.

"ಅದಿಲ್ಲ ಅಕ್ಕಾ. ಅಳಿಸಾಯ್ತು."

"ಅದು ತಪ್ಪಲ್ಲ ಕಣಯ್ಯಾ. ಅದೇ ಅವಳ ಹಾಡು" ಅಂದ ಮುದುಕ. ತಮ್ಮ ಹಾಡು ನಿಲ್ಲಿಸಿದ. ಅಕ್ಕನಿಗೆ ಸಿಟ್ಟು ಬಂತು, ಅವನ ಮುಖ ನೋಡಿ ಪಾಪವೂ ಅನಿಸಿತು. ಬೈಯಲು ದನಿ ಇರಲಿಲ್ಲ.

ಅವನು ಸ್ಟುಡಿಯೋಗೆ ಓಡಿ, ಕತ್ತರಿಸಿ ಎಸೆದ ಚೂರುಗಳನ್ನೆಲ್ಲ ಜಾಲಾಡಿದ. ಉಳಿದಿದ್ದು ಒಂದೇ ಚೂರು, ತಾಳಕ್ಕೆ ಸಿಗದೆ ಹೋದದ್ದು. ಅದನ್ನೇ ತಂದು ಹಾಕಿದ. ಮೊದಲು ಕೆಮ್ಮು, ಆಮೇಲೆ ಅವಳದೇ ದನಿ: "ತಡಿಯಪ್ಪಾ, ಬರ್ತೀನಿ."

ಮುದುಕ ಅಭ್ಯಾಸಬಲದಿಂದ ಮಂಡಿಯ ಮೇಲೆ ಬೆರಳೆತ್ತಿ ಕಾದ. ಮೂವರೂ ಕಾದರು. ಯಾರೂ ಬರಲಿಲ್ಲ.